ಬಂದೂಕು ಕೆಳಗಿಟ್ಟ ಮೇಲೆ: ಲೈಬೀರಿಯಾದ 15 ವರ್ಷ

ಜನರಲ್ ತಿಮ್ಮಯ್ಯನವರು ಹುಟ್ಟಿದ ಮಡಿಕೇರಿಯಲ್ಲಿ ಈ ವಿಷಯ ಮಾತಾಡುತ್ತಿದ್ದೇನೆ. ಹಾಗಾಗಿ ಅವರಿಂದಲೇ ಶುರು ಮಾಡುತ್ತೇನೆ. ಅವರ ಮನೆ 'ಸನ್ನಿ ಸೈಡ್' ಈಗ ಮ್ಯೂಸಿಯಂ ಆಗಿದೆ, ನಿಮ್ಮಲ್ಲಿ ಎಷ್ಟೋ ಜನ ನೋಡಿದ್ದೀರಿ. ಅವರು ನಮ್ಮ ಸೇನೆಯ ಮುಖ್ಯಸ್ಥರಾಗಿದ್ದದ್ದು ಎಲ್ಲರಿಗೂ ಗೊತ್ತು. ನಿವೃತ್ತರಾದ ಮೇಲೆ, 1964ರಲ್ಲಿ, ವಿಶ್ವಸಂಸ್ಥೆ ಅವರನ್ನು ಸೈಪ್ರಸ್ ದ್ವೀಪಕ್ಕೆ ಕರೆಸಿಕೊಂಡಿತು. ಅಲ್ಲಿ ಗ್ರೀಕರೂ ತುರ್ಕರೂ ಬಡಿದಾಡುತ್ತಿದ್ದರು. ಇಬ್ಬರ ನಡುವೆ ನಿಲ್ಲುವ ಪಡೆಗೆ ತಿಮ್ಮಯ್ಯನವರೇ ಕಮಾಂಡರ್. 1965ರ ಡಿಸೆಂಬರ್‌ನಲ್ಲಿ ಅದೇ ಕೆಲಸದಲ್ಲಿದ್ದಾಗ ಅಲ್ಲೇ ತೀರಿಕೊಂಡರು. ಸೈಪ್ರಸ್ ಸರ್ಕಾರ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು.

ಆ ಪಡೆ ಇವತ್ತಿಗೂ ಅಲ್ಲೇ ಇದೆ. 60 ವರ್ಷ ದಾಟಿದೆ. ದ್ವೀಪ ಇನ್ನೂ ಎರಡು ಹೋಳಾಗಿಯೇ ಇದೆ, ನಡುವೆ ವಿಶ್ವಸಂಸ್ಥೆಯ ಸೈನಿಕರು ಕಾವಲು ಕಾಯುತ್ತಿದ್ದಾರೆ. ಅದು ವ್ಯರ್ಥ ಅಂತ ನಾನು ಹೇಳುವುದಿಲ್ಲ. ಕಾವಲು ಇರುವುದರಿಂದ ಎಷ್ಟೋ ಜೀವ ಉಳಿದಿರಬಹುದು. ಆದರೆ ನನ್ನನ್ನು ಬಹಳ ಕಾಲದಿಂದ ಕಾಡುವ ಪ್ರಶ್ನೆ ಬೇರೆ. ಹೊರಗಿನವರು ಬಂದು ಜಗಳ ನಿಲ್ಲಿಸಬಹುದು, ಸರಿ. ಅವರು ಮನೆಗೆ ಹೋಗುವಂತಾಗಬೇಕಾದರೆ ಏನೇನು ಆಗಬೇಕು? ಹೋದ ಮೇಲೂ ಜಗಳ ಮತ್ತೆ ಹತ್ತದಂತೆ ಇರಬೇಕಾದರೆ?

ಇದಕ್ಕೆ ಉತ್ತರ ಹುಡುಕುತ್ತಾ ನಾನು ಹೋಗಿ ನಿಂತದ್ದು ಪಶ್ಚಿಮ ಆಫ್ರಿಕಾದ ಲೈಬೀರಿಯಾದಲ್ಲಿ. ಹೋಗಿ ಅಂದರೆ ಓದಿನ ಮೂಲಕ.

ಸಣ್ಣ ದೇಶ. ನಮ್ಮ ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ದೊಡ್ಡದು, ಜನಸಂಖ್ಯೆ ಬೆಂಗಳೂರಿಗಿಂತ ಕಡಿಮೆ. ಅಮೆರಿಕದಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನ ಅಲ್ಲಿಗೆ ಬಂದು ನೆಲೆಸಿದರು. 1847ರಲ್ಲಿ ಸ್ವತಂತ್ರ ದೇಶ ಅಂತ ಘೋಷಿಸಿಕೊಂಡರು. ರಾಜಧಾನಿ ಮನ್ರೋವಿಯಾಕ್ಕೆ ಆ ಹೆಸರು ಬಂದದ್ದೂ ಅಮೆರಿಕದ ಅಧ್ಯಕ್ಷ ಮನ್ರೋ ಅವರಿಂದ. ಹೀಗೆ ಬಂದವರ ಮನೆತನಗಳೇ 100 ವರ್ಷಕ್ಕೂ ಜಾಸ್ತಿ ಕಾಲ ಆಳಿದವು. ಮೊದಲಿನಿಂದ ಅಲ್ಲೇ ಇದ್ದ ಜನಾಂಗಗಳು ಹೊರಗೇ ಉಳಿದವು. ಆ ಸಿಟ್ಟು ಒಳಗೊಳಗೇ ಬೇಯುತ್ತಿತ್ತು. 1980ರಲ್ಲಿ ಸಾಮ್ಯುಯೆಲ್ ಡೋ ಎಂಬ ಸೈನಿಕ, ಆಗಿನ ಅಧ್ಯಕ್ಷರನ್ನು ಕೊಂದು ಅಧಿಕಾರ ಹಿಡಿದ. 1989ರ ಕ್ರಿಸ್‌ಮಸ್ ಹಿಂದಿನ ದಿನ ಬಂಡುಕೋರ ನಾಯಕ ಚಾರ್ಲ್ಸ್ ಟೇಲರ್‌ನ ಪಡೆ ಐವರಿ ಕೋಸ್ಟ್ ಗಡಿ ದಾಟಿ ಒಳಗೆ ಬಂತು. ಅಲ್ಲಿಂದ 2003ರವರೆಗೆ, ನಡುವೆ ಒಂದಷ್ಟು ವರ್ಷ ತಣ್ಣಗಿದ್ದು, ಎರಡು ಯುದ್ಧ. ಸುಮಾರು 2.5 ಲಕ್ಷ ಜನ ಸತ್ತರು ಎಂಬುದು ಸಾಮಾನ್ಯವಾಗಿ ಕೊಡುವ ಲೆಕ್ಕ. ಮಕ್ಕಳ ಕೈಗೂ ಬಂದೂಕು ಕೊಟ್ಟಿದ್ದರು.

ಬೆಂಕಿ ಒಂದೇ ಮನೆಯಲ್ಲಿ ನಿಲ್ಲಲಿಲ್ಲ. ಟೇಲರ್ ಪಕ್ಕದ ಸಿಯೆರಾ ಲಿಯೋನ್‌ನ ಬಂಡುಕೋರರಿಗೆ ಬೆಂಬಲ ಕೊಟ್ಟ, ಅಲ್ಲಿನ ವಜ್ರ ಈ ಕಡೆ ಬಂತು, ಆಯುಧ ಆ ಕಡೆ ಹೋಯಿತು. ಲೈಬೀರಿಯಾದ ನಿರಾಶ್ರಿತರು ಗಿನಿಗೂ ಐವರಿ ಕೋಸ್ಟ್‌ಗೂ ಓಡಿದರು. ಒಂದು ದೇಶವನ್ನು ಮಾತ್ರ ಸರಿ ಮಾಡುತ್ತೇವೆ ಅಂದರೆ ಆಗುವುದಿಲ್ಲ, ಇಡೀ ಸೀಮೆಯನ್ನೇ ನೋಡಬೇಕು ಎಂದು ಜಗತ್ತಿಗೆ ಅರ್ಥವಾದದ್ದು ಇಲ್ಲಿ. ಸಿಯೆರಾ ಲಿಯೋನ್‌ನಲ್ಲಿ ನಡೆದ ಪಾತಕಗಳಿಗೆ ನೆರವಾದದ್ದಕ್ಕಾಗಿ ಟೇಲರ್‌ಗೆ 2012ರಲ್ಲಿ ವಿಶೇಷ ನ್ಯಾಯಾಲಯ 50 ವರ್ಷ ಜೈಲು ಶಿಕ್ಷೆ ಕೊಟ್ಟಿತು.

ಮೊದಲ ಸಲದ ಪ್ರಯತ್ನ ಯಾಕೆ ಸೋತಿತು ಅನ್ನುವುದನ್ನು ನೋಡಬೇಕು. 1990ರಲ್ಲೇ ನೆರೆಯ ದೇಶಗಳು ಒಟ್ಟಾಗಿ ಸೇನೆ ಕಳಿಸಿದ್ದವು. ಪಶ್ಚಿಮ ಆಫ್ರಿಕಾ ದೇಶಗಳ ಒಕ್ಕೂಟ ಎಕೋವಾಸ್‌ನ ಪಡೆ ಅದು, ಮುಂದಾಳು ನೈಜೀರಿಯಾ. ದೊಡ್ಡ ದೇಶಗಳು ಕೈಕಟ್ಟಿ ಕೂತಿದ್ದಾಗ ನೆರೆಯವರು ಬಂದರು, ಅದು ದೊಡ್ಡ ಮಾತು. ಆದರೆ ಆ ಪಡೆಯ ಕೆಲವರು ಸಿಕ್ಕಿದ್ದನ್ನೆಲ್ಲ ಸಾಗಿಸಿದರು ಎಂಬ ದೂರು ಜೋರಾಗಿತ್ತು. ಕಾಪಾಡಲು ಬಂದವರ ಮೇಲೂ ಜನರ ನಂಬಿಕೆ ಹೋಯಿತು. ಬಂದೂಕುಗಳನ್ನು ಸರಿಯಾಗಿ ವಾಪಸ್ ಪಡೆಯಲಿಲ್ಲ. ಹಾಗೇ 1997ರಲ್ಲಿ ಚುನಾವಣೆ ಮಾಡಿದರು. ಟೇಲರ್ ಸುಮಾರು ಶೇ 75 ಮತ ತಗೊಂಡು ಗೆದ್ದ! ಆಗ ಬೀದಿಯಲ್ಲಿ ಒಂದು ಘೋಷಣೆ ಕೇಳುತ್ತಿತ್ತು: ನನ್ನ ಅಮ್ಮನನ್ನು ಕೊಂದ, ಅಪ್ಪನನ್ನು ಕೊಂದ, ಆದರೂ ಅವನಿಗೇ ನನ್ನ ಓಟು. ಸೋತರೆ ಅವನು ಮತ್ತೆ ಕಾಡಿಗೆ ಹೋಗಿ ಯುದ್ಧ ಮಾಡುತ್ತಾನೆ, ಗೆದ್ದರೆ ಸುಮ್ಮನಿರಬಹುದು ಎಂಬ ಆಸೆ. ಓಟಿನ ಪೆಟ್ಟಿಗೆ ಇಟ್ಟ ಕೂಡಲೇ ಪ್ರಜಾಪ್ರಭುತ್ವ ಬಂತು ಅಂತ ನಾವು ತಿಳಿದುಕೊಳ್ಳುತ್ತೇವೆ ಅಲ್ವಾ? ಹೆದರಿದ ಜನ ಹಾಕಿದ ಓಟು ಹೇಗಿರುತ್ತದೆ ಎಂದು ತಿಳಿಯಬೇಕಾದರೆ ಆ ವರ್ಷದ ಲೈಬೀರಿಯಾ ನೋಡಬೇಕು. ಎರಡೇ ವರ್ಷದಲ್ಲಿ ಮತ್ತೆ ಯುದ್ಧ.

2003ಕ್ಕೆ ಬರುತ್ತೇನೆ. ಮನ್ರೋವಿಯಾದ ಮೇಲೆ ಬಂಡುಕೋರರ ಶೆಲ್ ಬೀಳುತ್ತಿದ್ದ ದಿನಗಳು. ಮೀನು ಮಾರ್ಕೆಟ್ ಹತ್ತಿರದ ಬಯಲಲ್ಲಿ ಬಿಳಿ ಬಟ್ಟೆ ಉಟ್ಟ ಹೆಂಗಸರು ಸಾವಿರಗಟ್ಟಲೆ ಬಂದು ಕೂರುತ್ತಿದ್ದರು. ಬಿಸಿಲೋ ಮಳೆಯೋ, ದಿನವೂ. ಕ್ರೈಸ್ತರು ಮುಸ್ಲಿಮರು ಒಟ್ಟಿಗೆ. ಅವರ ಮುಂದಾಳು ಲೇಮಾ ಬೋವಿ. ಘಾನಾದ ಅಕ್ರಾದಲ್ಲಿ ಶಾಂತಿ ಮಾತುಕತೆ ವಾರಗಟ್ಟಲೆ ಎಳೆಯುತ್ತಿತ್ತು. ನಾಯಕರೆಲ್ಲ ಒಳ್ಳೆಯ ಹೋಟೆಲಿನಲ್ಲಿದ್ದರು, ಊರಲ್ಲಿ ಜನ ಸಾಯುತ್ತಿದ್ದರು. ಈ ಹೆಂಗಸರು ಅಲ್ಲಿಗೂ ಹೋದರು. ಸಭಾಂಗಣದ ಬಾಗಿಲಿಗೆ ಅಡ್ಡ ಕೂತರು, ಒಪ್ಪಂದ ಆಗುವ ತನಕ ಒಬ್ಬರನ್ನೂ ಹೊರಗೆ ಬಿಡುವುದಿಲ್ಲ ಅಂದರು. ಕಾವಲುಗಾರರು ಹಿಡಿಯಲು ಬಂದಾಗ ಬೋವಿ ತಾನು ಬಟ್ಟೆ ಕಳಚುತ್ತೇನೆ ಎಂದು ನಿಂತರು. ಆ ಕಡೆಯ ನಂಬಿಕೆಯಲ್ಲಿ ತಾಯಿಯಾದವಳು ಹಾಗೆ ಮಾಡಿದರೆ ನೋಡಿದವರಿಗೆ ಶಾಪ. ಕಾವಲುಗಾರರು ಹಿಂದೆ ಸರಿದರು. ಆಗಸ್ಟ್ 11ಕ್ಕೆ ಟೇಲರ್ ದೇಶ ಬಿಟ್ಟು ನೈಜೀರಿಯಾಕ್ಕೆ ಹೋದ. 18ಕ್ಕೆ ಒಪ್ಪಂದಕ್ಕೆ ಸಹಿ ಬಿತ್ತು.

ಇದನ್ನು ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕಾರಣ ಇದೆ. ಆಮೇಲೆ ಬಂದ ಅಂತರರಾಷ್ಟ್ರೀಯ ನೆರವಿನ ಬಗ್ಗೆ ಓದುವಾಗ ಡಾಲರ್ ಲೆಕ್ಕ, ಠರಾವಿನ ನಂಬರ್ ಇವೇ ಸಿಗುತ್ತವೆ. ಆ ನೆರವು ಬಂದು ಇಳಿಯಲು ನೆಲ ಹದ ಮಾಡಿದವರು ಈ ಹೆಂಗಸರು. ಒಳಗಿನವರು ಸಾಕು ಅನ್ನದೆ ಹೊರಗಿನವರು ಎಷ್ಟೇ ಸೇನೆ ತಂದರೂ ಅದು ಕಾವಲು ಮಾತ್ರ ಆಗುತ್ತದೆ.

ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 15,000 ಸೈನಿಕರ ಪಡೆಗೆ ಒಪ್ಪಿಗೆ ಕೊಟ್ಟಿತು. ಅನ್‌ಮಿಲ್ ಅಂತ ಅದರ ಹೆಸರು. ಮೊದಲ ಕೆಲಸ ಬಂದೂಕು ವಾಪಸ್ ಪಡೆಯುವುದು. ಅದೇ ಎಡವಿತು. ಡಿಸೆಂಬರ್ 7ಕ್ಕೆ ಮನ್ರೋವಿಯಾ ಹತ್ತಿರದ ಒಂದು ಶಿಬಿರದಲ್ಲಿ ಶುರು ಮಾಡಿದರು. ಸಾವಿರ ಜನ ಬರಬಹುದು ಎಂಬ ಅಂದಾಜಿನಲ್ಲಿ ತಯಾರಿ. ಬಂದವರು ಹಲವು ಸಾವಿರ, ಎಲ್ಲರ ಕೈಯಲ್ಲೂ ಆಯುಧ. ಕಾಸು ಈಗಲೇ ಕೊಡಿ ಎಂದು ಗಲಾಟೆ ಎದ್ದಿತು, ಊರೊಳಗೆ ಗುಂಡು ಹಾರಿತು, ಜನ ಸತ್ತರು. ಎಲ್ಲ ನಿಲ್ಲಿಸಿ ಮರುವರ್ಷ ಏಪ್ರಿಲ್‌ನಲ್ಲಿ ಸರಿಯಾದ ತಯಾರಿ ಮಾಡಿಕೊಂಡು ಮತ್ತೆ ಶುರು ಮಾಡಬೇಕಾಯಿತು. ಒಬ್ಬರಿಗೆ ಎರಡು ಕಂತಿನಲ್ಲಿ 300 ಡಾಲರ್. ಕೊನೆಗೆ ಹೆಸರು ಬರೆಸಿದವರು 1 ಲಕ್ಷ ದಾಟಿದರು. ಸಿಕ್ಕ ಬಂದೂಕುಗಳು ಸುಮಾರು 28,000. ಅಂದರೆ ಮೂರು ಜನಕ್ಕೆ ಒಂದು ಬಂದೂಕೂ ಸರಿಯಾಗಿ ಇಲ್ಲ. ಬಂದೂಕು ಇಲ್ಲದಿದ್ದರೆ ಒಂದಷ್ಟು ತೋಟಾ ತಂದುಕೊಟ್ಟರೂ ಸಾಕಿತ್ತು. ಹಾಗಾಗಿ ಯುದ್ಧವನ್ನೇ ಮಾಡದವರೂ ಸಾಲಿನಲ್ಲಿ ನಿಂತರು. ಕೆಲವರು ಇದನ್ನು ಮೋಸ ಅನ್ನುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. 14 ವರ್ಷದ ಯುದ್ಧ ಮುಗಿದ ಊರಲ್ಲಿ 300 ಡಾಲರ್ ಸಿಗುತ್ತದೆ ಎಂದರೆ ಹಸಿದವನು ಸಾಲಿಗೆ ಬರುತ್ತಾನೆ.

ತೊಂದರೆ ಆದದ್ದು ಆಮೇಲೆ. ಬಂದೂಕು ಇಳಿಸಲು ದುಡ್ಡಿತ್ತು. ಇಳಿಸಿದವರಿಗೆ ಕಸುಬು ಕಲಿಸಲು, ಶಾಲೆಗೆ ಸೇರಿಸಲು ಇಟ್ಟಿದ್ದ ದುಡ್ಡು ಇಷ್ಟು ಜನಕ್ಕೆ ಸಾಲಲಿಲ್ಲ. ಅಂದಾಜು ಮಾಡಿದ್ದೇ ಕಡಿಮೆ ಜನಕ್ಕೆ. ದಾನಿ ದೇಶಗಳು ಸೈನಿಕರ ಖರ್ಚಿಗೆ ಬೇಗ ಒಪ್ಪುತ್ತವೆ, ಬಡಗಿ ಕೆಲಸ ಕಲಿಸುವ ಖರ್ಚಿಗೆ ಕೈ ಬಿಗಿ ಹಿಡಿಯುತ್ತವೆ. ಇದು ಲೈಬೀರಿಯಾದಲ್ಲಿ ಮಾತ್ರ ಅಲ್ಲ, ಎಲ್ಲ ಕಡೆಯೂ ಹೀಗೇ. ಕಾಯುತ್ತಾ ಕೂತ ಹುಡುಗರು ಏನು ಮಾಡಿದರು? ಗಥ್ರಿ ಅಂತ ಒಂದು ದೊಡ್ಡ ರಬ್ಬರ್ ತೋಟ. ಅದನ್ನು ಮಾಜಿ ಬಂಡುಕೋರರು ಹಿಡಿದುಕೊಂಡರು, ತಾವೇ ಟ್ಯಾಪಿಂಗ್ ಮಾಡಿ, ಅಂದರೆ ತೊಗಟೆ ಕೊಯ್ದು ಹಾಲು ಇಳಿಸಿ, ಮಾರಿಕೊಂಡರು. ಸಂಪಾಜೆ, ಸುಳ್ಯದ ಕಡೆಯಿಂದ ಬಂದವರು ಇಲ್ಲಿ ಇದ್ದೀರಿ. ರಬ್ಬರ್ ಮರಕ್ಕೆ ಹೇಗೆ ಕತ್ತಿ ಹಾಕಬೇಕು ಅಂತ ನಿಮಗೆ ಗೊತ್ತು. ನಾಳೆಯೂ ಈ ತೋಟ ನಮ್ಮದೇ ಅನ್ನುವವನು ಮರಕ್ಕೆ ಬಿಡುವು ಕೊಟ್ಟು, ತೊಗಟೆ ಉಳಿಸಿ ಟ್ಯಾಪ್ ಮಾಡುತ್ತಾನೆ. ನಾಳೆಯ ಭರವಸೆ ಇಲ್ಲದವನು ಹಾಗೆ ಮಾಡುವುದಿಲ್ಲ. 2006ರ ಆಗಸ್ಟ್‌ನಲ್ಲಿ ಹೊಸ ಸರ್ಕಾರವೂ ವಿಶ್ವಸಂಸ್ಥೆಯೂ ಸೇರಿ ಆ ತೋಟವನ್ನು ವಾಪಸ್ ತಗೊಂಡವು.

ಹೊಸ ಸರ್ಕಾರ ಅಂದೆ. 2005ರ ಚುನಾವಣೆಯಲ್ಲಿ ಎಲೆನ್ ಜಾನ್ಸನ್ ಸರ್ಲೀಫ್ ಗೆದ್ದಿದ್ದರು. ಆಫ್ರಿಕಾ ಖಂಡದಲ್ಲಿ ಮತದಿಂದ ಅಧ್ಯಕ್ಷೆಯಾದ ಮೊದಲ ಮಹಿಳೆ. ಆಮೇಲೆ 2011ರಲ್ಲಿ ಅವರಿಗೂ ಲೇಮಾ ಬೋವಿಗೂ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಅಧಿಕಾರಕ್ಕೆ ಬಂದಾಗ ಅವರ ಕೈಯಲ್ಲಿದ್ದದ್ದು ವರ್ಷಕ್ಕೆ ಸುಮಾರು 8 ಕೋಟಿ ಡಾಲರ್ ಬಜೆಟ್. ತಲೆ ಮೇಲೆ ಹಳೆಯ ಸಾಲ 450 ಕೋಟಿ ಡಾಲರಿಗೂ ಜಾಸ್ತಿ. ಮನ್ರೋವಿಯಾಕ್ಕೆ ಕರೆಂಟ್ ಕೊಡುತ್ತಿದ್ದ ಮೌಂಟ್ ಕಾಫಿ ಜಲವಿದ್ಯುತ್ ಕೇಂದ್ರ ಯುದ್ಧ ಶುರುವಾದಾಗಲೇ ಹಾಳಾಗಿತ್ತು, ಆಮೇಲೆ ಯಂತ್ರ, ತಂತಿ ಎಲ್ಲ ಲೂಟಿಯಾಗಿತ್ತು.

2006ರ ಜುಲೈ 26, ಸ್ವಾತಂತ್ರ್ಯ ದಿನ. ಅವತ್ತು ಮನ್ರೋವಿಯಾದ ಕೆಲವು ಬೀದಿಗಳಲ್ಲಿ ದೀಪ ಹತ್ತಿತು. ದಾನಿ ದೇಶಗಳು ಕೊಟ್ಟ ಜನರೇಟರ್‌ಗಳಿಂದ. ಹದಿಮೂರು ಹದಿನಾಲ್ಕು ವರ್ಷದ ಹುಡುಗ ಬೀದಿದೀಪ ಅಂದರೆ ಏನು ಅಂತ ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ, ಯೋಚನೆ ಮಾಡಿ. ಅವನು ಹುಟ್ಟಿದ್ದೇ ಕತ್ತಲಲ್ಲಿ. ರಾತ್ರಿ ದೀಪದ ಕೆಳಗೆ ಹೆಂಗಸರು ಗಾಡಿ ಇಟ್ಟು ವ್ಯಾಪಾರ ಮಾಡಬಹುದು, ಮಕ್ಕಳು ಓದಬಹುದು. ಸರ್ಕಾರ ಅನ್ನುವುದು ಒಂದು ಇದೆ ಅಂತ ಕಣ್ಣಿಗೆ ಕಂಡದ್ದು ಆಗ. ನಾನು ರಾಜ್ಯಶಾಸ್ತ್ರ ಪಾಠ ಮಾಡುತ್ತಿದ್ದಾಗ ರಾಜ್ಯದ ನಾಲ್ಕು ಮೂಲಾಂಶ ಅಂತ ವರ್ಷಗಟ್ಟಲೆ ಬರೆಸಿದ್ದೇನೆ. ಈ ದೀಪದ ಕಥೆ ಆಗಲೇ ಗೊತ್ತಿದ್ದರೆ ಅದರಿಂದಲೇ ಪಾಠ ಶುರು ಮಾಡುತ್ತಿದ್ದೆ.

ಇನ್ನೊಂದು ಏರ್ಪಾಡು ಇತ್ತು, ಅದರ ಬಗ್ಗೆ ಅಲ್ಲಿ ತುಂಬಾ ಜಗಳವೂ ಆಯಿತು. ಯುದ್ಧ ನಿಂತ ಮೇಲೆ ಬಂದ ಮಧ್ಯಂತರ ಸರ್ಕಾರದಲ್ಲಿ ದುಡ್ಡು ಸೋರುತ್ತಿತ್ತು. ದಾನಿಗಳು ಪಟ್ಟು ಹಿಡಿದರು. 2005ರಲ್ಲಿ ಗೆಮ್ಯಾಪ್ ಅಂತ ಒಂದು ಒಪ್ಪಂದ ಆಯಿತು. ಬಂದರು, ವಿಮಾನ ನಿಲ್ದಾಣ, ಅರಣ್ಯ ಇಲಾಖೆ, ಕೇಂದ್ರ ಬ್ಯಾಂಕ್, ಹೀಗೆ ದುಡ್ಡು ಓಡಾಡುವ ಜಾಗಗಳಲ್ಲಿ ಹೊರಗಿನ ಒಬ್ಬ ಹಣಕಾಸು ತಜ್ಞ ಕೂರುತ್ತಾನೆ. ಲೈಬೀರಿಯಾದ ಅಧಿಕಾರಿಯ ಸಹಿಯ ಜೊತೆ ಅವನ ಸಹಿಯೂ ಬಿದ್ದರೆ ಮಾತ್ರ ದುಡ್ಡು ಹೊರಗೆ ಹೋಗುತ್ತದೆ. ನಮ್ಮ ಸಹಕಾರ ಸಂಘದಲ್ಲಿ ಚೆಕ್ಕಿಗೆ ಎರಡು ಸಹಿ ಬೇಕಲ್ಲ, ಹಾಗೆ. ಆದರೆ ಎರಡನೇ ಸಹಿ ಪರದೇಶದವನದು! ನಮ್ಮ ವಿಧಾನಸೌಧದಲ್ಲಿ ಹಾಗೆ ಯಾರನ್ನಾದರೂ ಕೂರಿಸಿದರೆ ನಾವು ಸುಮ್ನೆ ಇರುತ್ತೇವಾ? ಲೈಬೀರಿಯಾದವರ ಸ್ವಾಭಿಮಾನಕ್ಕೂ ಪೆಟ್ಟು ಬಿತ್ತು. ಆದರೂ ನಾನು ಇದನ್ನು ಒಪ್ಪುತ್ತೇನೆ. ಯಾಕೆಂದರೆ ಅದಕ್ಕೊಂದು ಕೊನೆ ಇತ್ತು. ಪಕ್ಕದಲ್ಲಿ ಕೂತು ಲೆಕ್ಕ ಕಲಿತವರು ಅಲ್ಲಿಯವರೇ. 2010ರಲ್ಲಿ ಆ ಏರ್ಪಾಡು ಮುಗಿಯಿತು. ಅದೇ ವರ್ಷ 460 ಕೋಟಿ ಡಾಲರ್ ಸಾಲವೂ ಮನ್ನಾ ಆಯಿತು. ಆ ಸಾಲವನ್ನು ಮಾಡಿ ತಿಂದವರು ಬೇರೆ, ತೀರಿಸಬೇಕಾಗಿದ್ದವರು ಬೇರೆ. ಮನ್ನಾ ಮಾಡಿದ್ದು ನ್ಯಾಯ.

ಸೇನೆಯನ್ನು ಪೂರ್ತಿ ವಿಸರ್ಜಿಸಿ ಸೊನ್ನೆಯಿಂದ ಕಟ್ಟಿದರು. ಸುಮಾರು 2,000 ಜನರ ಸಣ್ಣ ಸೇನೆ. ಅಮೆರಿಕ ತರಬೇತಿ ಕೊಟ್ಟಿತು. ಸೇರಲು ಬಂದವರ ಹೆಸರು, ಫೋಟೋ ಊರೂರಿಗೂ ತೋರಿಸಿ, ಇವನು ನಿಮ್ಮೂರಲ್ಲಿ ಏನಾದರೂ ಅನ್ಯಾಯ ಮಾಡಿದ್ದಾನಾ ಎಂದು ಕೇಳಿದರು. ಇದು ನನಗೆ ಬಹಳ ಇಷ್ಟವಾದ ವಿಷಯ. 2013ರಲ್ಲಿ ಇದೇ ಸೇನೆಯ ಒಂದು ಸಣ್ಣ ತುಕಡಿ ಮಾಲಿ ದೇಶಕ್ಕೆ ಶಾಂತಿಪಾಲನೆಗೆ ಹೋಯಿತು.

ನಮ್ಮ ದೇಶದ ಪಾಲಿನ ಮಾತಿಗೆ ಬರುತ್ತೇನೆ. 2007ರ ಜನವರಿಯಲ್ಲಿ ಸಿಆರ್‌ಪಿಎಫ್‌ನ ನೂರಕ್ಕೂ ಹೆಚ್ಚು ಮಹಿಳೆಯರ ತುಕಡಿ ಮನ್ರೋವಿಯಾದಲ್ಲಿ ಇಳಿಯಿತು. ವಿಶ್ವಸಂಸ್ಥೆಯ ಇತಿಹಾಸದಲ್ಲೇ ಮಹಿಳೆಯರದೇ ಆದ ಮೊದಲ ಪೊಲೀಸ್ ತುಕಡಿ ಅದು. ತುಕಡಿಗಳು ಬದಲಾಗುತ್ತಾ 2016ರ ಫೆಬ್ರವರಿವರೆಗೆ, 9 ವರ್ಷ ಅಲ್ಲಿದ್ದರು. ಅಧ್ಯಕ್ಷೆಯ ಕಚೇರಿಗೆ ಕಾವಲು, ರಾತ್ರಿ ಗಸ್ತು, ಗಲಭೆ ತಡೆಯುವುದು, ಎಲ್ಲ ಮಾಡಿದರು. ಯುದ್ಧದಲ್ಲಿ ಹೆಣ್ಣುಮಕ್ಕಳ ಮೇಲೆ ಆದ ಅತ್ಯಾಚಾರಗಳಿಗೆ ಲೆಕ್ಕವೇ ಇಲ್ಲದ ದೇಶ ಅದು. ಸಮವಸ್ತ್ರ ಹಾಕಿದ ಗಂಡಸನ್ನು ಕಂಡರೆ ಹುಡುಗಿ ನಡುಗುತ್ತಾಳೆ. ಅಂಥ ಬೀದಿಯಲ್ಲಿ ರಾತ್ರಿ ನೀಲಿ ಟೋಪಿ ಹಾಕಿದ ಹೆಂಗಸರು ಬಂದೂಕು ಹಿಡಿದು ನಡೆದು ಹೋಗುತ್ತಾರೆ. ಲೈಬೀರಿಯಾದ ಭದ್ರತಾ ಪಡೆಗಳಲ್ಲಿ ಮಹಿಳೆಯರು ಶೇ 6ರಷ್ಟಿದ್ದವರು ಶೇ 17ಕ್ಕೆ ಏರಿದರು. ಅದರಲ್ಲಿ ಈ ತುಕಡಿಯ ಸ್ಫೂರ್ತಿಯ ಪಾಲಿದೆ ಎಂದು ಬೀಳ್ಕೊಡುವಾಗ ಸರ್ಲೀಫ್ ಅವರೇ ನೆನೆದರು. ನಮ್ಮ ಶಾಲೆಯ ಪುಸ್ತಕಗಳಲ್ಲಿ ಈ ಹೆಣ್ಣುಮಕ್ಕಳ ಬಗ್ಗೆ ಒಂದು ಪುಟವಾದರೂ ಇರಬೇಕು ಅನ್ನುವುದು ನನ್ನ ಆಸೆ.

ಎಲ್ಲವೂ ಚೆನ್ನಾಯಿತು ಅಂತ ಹೇಳಿ ಮುಗಿಸಿದರೆ ಅದು ಸುಳ್ಳಾಗುತ್ತದೆ. 2014ರಲ್ಲಿ ಎಬೋಲಾ ಎಂಬ ಮಾರಕ ಸೋಂಕು ರೋಗ ಬಂತು. ಶಾಂತಿ ಬಂದು 10 ವರ್ಷ ಆಗಿತ್ತು, ಕೋಟಿಗಟ್ಟಲೆ ಡಾಲರ್ ನೆರವು ಬಂದಿತ್ತು. ಆಸ್ಪತ್ರೆಗಳಲ್ಲಿ ಕೈಗವಸು ಸಾಲುತ್ತಿರಲಿಲ್ಲ. ಎಷ್ಟೋ ವರ್ಷ ಆರೋಗ್ಯದ ಕೆಲಸವನ್ನು ಹೊರಗಿನ ಸಂಸ್ಥೆಗಳೇ ನಡೆಸಿದ್ದವು. ಅವು ಒಂದೊಂದಾಗಿ ಹೋದಾಗ ಕೆಳಗೆ ಗಟ್ಟಿ ನೆಲ ಇರಲಿಲ್ಲ. ಲೈಬೀರಿಯಾ ಒಂದರಲ್ಲೇ ಸುಮಾರು 4,800 ಜನ ಸತ್ತರು, ಅವರಲ್ಲಿ ದಾದಿಯರು, ಡಾಕ್ಟರುಗಳು ಬಹಳ. ಆ ಆಗಸ್ಟ್‌ನಲ್ಲಿ ಸರ್ಕಾರ ಮನ್ರೋವಿಯಾದ ವೆಸ್ಟ್ ಪಾಯಿಂಟ್ ಕೊಳೆಗೇರಿಯನ್ನು ಸೈನಿಕರನ್ನಿಟ್ಟು ಮುಚ್ಚಿಬಿಟ್ಟಿತು. ಗಲಾಟೆಯಲ್ಲಿ ಗುಂಡು ತಗುಲಿ 15 ವರ್ಷದ ಹುಡುಗ ಸತ್ತ. ನಾನು ಈಗಷ್ಟೇ ಹೊಗಳಿದೆನಲ್ಲ, ಅದೇ ಹೊಸ ಸೇನೆ.

ಭದ್ರತಾ ಮಂಡಳಿ ಸೆಪ್ಟೆಂಬರ್‌ನಲ್ಲಿ ಈ ರೋಗವನ್ನು ಶಾಂತಿಗೆ ಬೆದರಿಕೆ ಎಂದು ಘೋಷಿಸಿತು. ಅಮೆರಿಕ ಸುಮಾರು 3,000 ಸೈನಿಕರನ್ನು ಕಳಿಸಿ 11 ಚಿಕಿತ್ಸಾ ಕೇಂದ್ರ ಕಟ್ಟಿತು. ಕಟ್ಟಿ ಮುಗಿಸುವಷ್ಟರಲ್ಲಿ ರೋಗ ಇಳಿಯತೊಡಗಿತ್ತು. ಅಷ್ಟೂ ಕೇಂದ್ರಗಳಲ್ಲಿ ಚಿಕಿತ್ಸೆ ಪಡೆದ ಎಬೋಲಾ ರೋಗಿಗಳು 28. ಹಾಗಾದರೆ ರೋಗ ಇಳಿದದ್ದು ಹೇಗೆ? ಊರವರೇ ಮನೆಮನೆ ತಿರುಗಿ ಕಾಯಿಲೆಯವರನ್ನು ಹುಡುಕಿದರು. ಬಾಗಿಲಿಗೆ ಬಕೆಟ್ ಇಟ್ಟು ಬ್ಲೀಚಿಂಗ್ ನೀರಲ್ಲಿ ಕೈ ತೊಳೆಸಿದರು. ಸತ್ತವರ ಮೈ ತೊಳೆಯುವ ಪದ್ಧತಿಯನ್ನು ಅಳುತ್ತಲೇ ಬಿಟ್ಟರು. ಹೊರಗಿನ ಲ್ಯಾಬು, ಔಷಧ, ಡಾಕ್ಟರು ಬೇಕೇ ಬೇಕಿತ್ತು, ಅದನ್ನು ಕಡಿಮೆ ಮಾಡಿ ಹೇಳಬಾರದು. ಆದರೆ ಕಟ್ಟಡಕ್ಕಿಂತ ಮೊದಲು ಸಂಬಳ, ತರಬೇತಿ, ಕೈಗವಸು ಬಂದಿದ್ದರೆ ಎಷ್ಟು ಜೀವ ಉಳಿಯುತ್ತಿತ್ತು ಅಂತ ನನಗೆ ಸಂಕಟವಾಗುತ್ತದೆ.

2016ರ ಡಿಸೆಂಬರ್‌ನಲ್ಲಿ ಮೌಂಟ್ ಕಾಫಿಯ ಮೊದಲ ಟರ್ಬೈನ್ ಮತ್ತೆ ತಿರುಗಿತು. ನಾರ್ವೆ, ಜರ್ಮನಿ, ಅಮೆರಿಕ, ಯುರೋಪಿನ ಬ್ಯಾಂಕು ಸೇರಿ ದುಡ್ಡು ಹಾಕಿದ್ದವು. 2018ರ ಮಾರ್ಚ್ 30ಕ್ಕೆ ವಿಶ್ವಸಂಸ್ಥೆಯ ಪಡೆ ಗಂಟುಮೂಟೆ ಕಟ್ಟಿತು. ಆ ಜನವರಿಯಲ್ಲಷ್ಟೇ ಸರ್ಲೀಫ್ ಅವರು ಫುಟ್‌ಬಾಲ್ ಆಟಗಾರ ಜಾರ್ಜ್ ವೀಯಾಗೆ ಅಧಿಕಾರ ಕೊಟ್ಟು ಇಳಿದಿದ್ದರು. ಚುನಾಯಿತ ಅಧ್ಯಕ್ಷರಿಂದ ಚುನಾಯಿತ ಅಧ್ಯಕ್ಷರಿಗೆ ಶಾಂತಿಯಿಂದ ಅಧಿಕಾರ ಹೋದದ್ದು 1944ರ ನಂತರ ಅದೇ ಮೊದಲು. 2023ರಲ್ಲಿ ವೀಯಾ ಕೂದಲೆಳೆ ಅಂತರದಲ್ಲಿ ಸೋತರು. ಅಂತಿಮ ಫಲಿತಾಂಶಕ್ಕೂ ಮೊದಲೇ ಎದುರಾಳಿ ಜೋಸೆಫ್ ಬೊವಾಕೈ ಅವರಿಗೆ ಫೋನ್ ಮಾಡಿ ಸೋಲು ಒಪ್ಪಿಕೊಂಡರು. ಕಾವಲಿಗೆ ವಿಶ್ವಸಂಸ್ಥೆಯ ಪಡೆ ಆಗ ಇರಲಿಲ್ಲ.

ಮೊದಲ ಸಾಲಿನಿಂದ ಒಬ್ಬರು ಕೇಳಿದರು, ಇದಕ್ಕೆಲ್ಲ ನಾವು ಇಲ್ಲಿ ಕೂತು ಏನು ಮಾಡಬಹುದು ಅಂತ. ಅಕ್ಕಿಯ ವಿಷಯ ಹೇಳಿ ಉತ್ತರ ಕೊಡುತ್ತೇನೆ. ಲೈಬೀರಿಯಾದವರು ನಮ್ಮ ಹಾಗೆ ಅನ್ನ ಉಣ್ಣುವವರು. ಬೇರೆ ಏನು ತಿಂದರೂ ಅನ್ನ ಉಣ್ಣದಿದ್ದರೆ ಇವತ್ತು ಊಟವೇ ಆಗಿಲ್ಲ ಅನ್ನುತ್ತಾರೆ. 1979ರಲ್ಲಿ ಅಕ್ಕಿ ಮೂಟೆಯ ಬೆಲೆಯನ್ನು 22 ಡಾಲರಿನಿಂದ 26ಕ್ಕೆ ಏರಿಸುವ ಮಾತು ಬಂತು. ಅಷ್ಟಕ್ಕೇ ಮನ್ರೋವಿಯಾ ಹತ್ತಿ ಉರಿಯಿತು. ಮರುವರ್ಷವೇ ಆ ಕ್ಷಿಪ್ರಕ್ರಾಂತಿ, ಮುಂದಿನದೆಲ್ಲ ಆಗಲೇ ಹೇಳಿದೆ. ಈಗ ಅವರು ತರಿಸುವ ಅಕ್ಕಿಯಲ್ಲಿ ದೊಡ್ಡ ಪಾಲು ನಮ್ಮ ದೇಶದ್ದು.

2023ರ ಜುಲೈ 20ಕ್ಕೆ ಭಾರತ ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. ಅದೇ ತಿಂಗಳು ನಮ್ಮ ರಾಜ್ಯದಲ್ಲಿ ಅನ್ನಭಾಗ್ಯಕ್ಕೆ ಅಕ್ಕಿ ಹೊಂದಿಸಲಾಗದೆ, 5 ಕೆಜಿ ಬದಲು ತಲೆಗೆ 170 ರೂಪಾಯಿ ಖಾತೆಗೆ ಹಾಕಿದ್ದು ನಿಮಗೆ ನೆನಪಿರಬೇಕು. ನಮ್ಮ ಮನೆಯ ಬೆಲೆ ನೋಡಿಕೊಳ್ಳುವುದು ತಪ್ಪಲ್ಲ. ಆದರೆ ಆ ಆದೇಶದಲ್ಲೇ ಒಂದು ಬಾಗಿಲು ತೆರೆದಿಟ್ಟಿದ್ದರು: ಯಾವುದೇ ಸರ್ಕಾರ ತನ್ನ ಜನರ ಊಟಕ್ಕೆ ಬೇಕು ಎಂದು ಕೇಳಿದರೆ ಕೊಡಬಹುದು. ಆ ಅಕ್ಟೋಬರ್‌ನಲ್ಲಿ ಹಾಗೆ ಅಕ್ಕಿ ಮಂಜೂರಾದ ದೇಶಗಳಲ್ಲಿ ಗಿನಿ, ಐವರಿ ಕೋಸ್ಟ್ ಎರಡೂ ಇದ್ದವು, ಲೈಬೀರಿಯಾದ ಪಕ್ಕದ ಮನೆಗಳು. ಮುಂದೆ ನಮ್ಮಲ್ಲಿ ಮಳೆ ಕೈಕೊಟ್ಟ ವರ್ಷ ಇಂಥ ಆದೇಶ ಮತ್ತೆ ಬರುತ್ತದೆ. ಆಗ ಆ ಬಾಗಿಲು ತೆರೆದಿದೆಯಾ, ಎಷ್ಟು ಬೇಗ ತೆರೆಯಿತು ಎಂದು ಕೇಳುವವರು ನಮ್ಮಲ್ಲಿ ಇರಬೇಕು. ನಿಮ್ಮ ಎಂಪಿ ಸಿಕ್ಕಾಗ ಕೇಳಿ. ನಾನೂ ಕೇಳುತ್ತೇನೆ.